‘ಅಲ್ಲಿ ಎಂಥ ಉಂಟು?’ ಎಂದು ಕೇಳುವವರಿಗೆ

ಈ ವಾರಾಂತ್ಯ ಮರುಭೂಮಿಗೆ ಹೋಗುತ್ತಿದ್ದೇವೆ ಎಂದು ಊರಿಗೆ ಫೋನಿನಲ್ಲಿ ಹೇಳಿದರೆ ಬರುವ ಪ್ರಶ್ನೆ ಒಂದೇ: ‘ಅಲ್ಲಿ ಎಂಥ ಉಂಟು ಮಾರಾಯ್ರೆ?’ ದುಬೈ, ದಮ್ಮಾಮಿನಲ್ಲಿರುವ ನೆಂಟರು ಇನ್ನೂ ಜೋರಾಗಿ ನಗುತ್ತಾರೆ. ಅವರು ವರ್ಷಪೂರ್ತಿ ಮರಳು ನೋಡಿ ಸಾಕಾದವರು. ನಾವು ಪೆಟ್ರೋಲ್ ಸುಟ್ಟು ಅದನ್ನೇ ಹುಡುಕಿಕೊಂಡು ಹೋಗುವುದು ಅವರಿಗೆ ಹುಚ್ಚಾಟ. ಆ ನಗುವಿಗೆ ನಮ್ಮ ತಕರಾರಿಲ್ಲ. ಆದರೆ ‘ಎಂಥ ಉಂಟು’ ಎಂಬ ಪ್ರಶ್ನೆಯ ಒಳಗೆ ‘ಎಂಥದ್ದೂ ಇಲ್ಲ’ ಎಂಬ ಉತ್ತರ ಮೊದಲೇ ಕೂತಿರುತ್ತದಲ್ಲ, ಅದಕ್ಕೆ ತಕರಾರು ಉಂಟು. ಏನೂ ಇಲ್ಲದ ಜಾಗ ಎಂದು ಒಮ್ಮೆ ತೀರ್ಮಾನವಾದರೆ ಅಲ್ಲಿ ಏನು ಮಾಡಿದರೂ ನಡೆಯುತ್ತದೆ. ಗಾಡಿ ನುಗ್ಗಿಸಬಹುದು, ಬಾಟಲಿ ಎಸೆಯಬಹುದು, ಬಾಂಬಿನ ಕಾರ್ಖಾನೆಯನ್ನೂ ಕಟ್ಟಬಹುದು. ಲೆಕ್ಕ ಬರೆಯುವ ಕೆಲಸದವರಾದ ನಮಗೆ ಇದು ಗೋದಾಮಿನ ಬಾಗಿಲು ತೆರೆಯದೆಯೇ ದಾಸ್ತಾನು ಸೊನ್ನೆ ಎಂದು ಬರೆದು ಸಹಿ ಹಾಕಿದ ಹಾಗೆ ಕಾಣುತ್ತದೆ.

ಸಿಯಾಟಲ್ ಎಂದರೆ ಮಳೆಯ ಊರು, ಅಲ್ಲಿ ಎಲ್ಲಿಯ ಮರುಭೂಮಿ ಎಂದು ಕೇಳುವವರೂ ಇದ್ದಾರೆ. ನಮ್ಮ ಘಟ್ಟ ನೆನಪಿಸಿಕೊಂಡರೆ ಸಾಕು. ಆಗುಂಬೆಯಲ್ಲಿ ಸುರಿಯುವ ಮಳೆ ಘಟ್ಟ ದಾಟಿ ಚಳ್ಳಕೆರೆಗೆ ತಲುಪುವಾಗ ಏನು ಉಳಿಯುತ್ತದೆ? ಇಲ್ಲಿಯೂ ಹಾಗೆಯೇ. ಕಡಲ ಮೋಡವನ್ನು ಕ್ಯಾಸ್ಕೇಡ್ ಪರ್ವತಗಳು ತಡೆದು ಪಶ್ಚಿಮದ ಕಡೆಯೇ ಹಿಂಡಿಬಿಡುತ್ತವೆ. ಸಿಯಾಟಲ್‌ನಲ್ಲಿ ವರ್ಷಕ್ಕೆ ಸುಮಾರು 950 ಮಿಲಿಮೀಟರ್ ಮಳೆಯಾದರೆ, ಐ-90 ಹೆದ್ದಾರಿಯಲ್ಲಿ ಸ್ನೋಕ್ವಾಲ್ಮಿ ಘಾಟಿ ಹತ್ತಿಳಿದು 220 ಕಿಲೋಮೀಟರ್ ಹೋದರೆ ಸಿಗುವ ವಾಂಟೇಜ್ ಎಂಬಲ್ಲಿ 200 ಮಿಲಿಮೀಟರಿನ ಆಸುಪಾಸು. ಎರಡು ಚಿಲ್ಲರೆ ಗಂಟೆಯಲ್ಲಿ ಶಿರಾಡಿ ಘಾಟಿಯಂಥ ಹಸಿರು ಮುಗಿದು ಕಪ್ಪು ಬಂಡೆ, ಬೂದು ಬಣ್ಣದ ಪೊದೆ, ಕೆಳಗೆ ಕೊಲಂಬಿಯಾ ನದಿ. ಮರಳುಗಾಡಲ್ಲ ಇದು, ಕುರುಚಲು ಪೊದೆಯ ಒಣನೆಲ. ಆದರೂ ಸಿಯಾಟಲಿನವರ ಬಾಯಲ್ಲಿ ಡೆಸರ್ಟ್ ಎಂದೇ.

ನಾವು ಎಂದರೆ ಸಿಯಾಟಲ್ ಸುತ್ತಮುತ್ತ ನೆಲೆಸಿದ ಕರಾವಳಿಯ ನಾಲ್ಕೈದು ಮನೆಯವರು. ಫೋಟೊಗ್ರಫಿ ಕಲಿತವರು ಯಾರೂ ಇಲ್ಲ. ಒಂದಿಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಲೆನ್ಸು ಉಂಟು, ಉಳಿದವರದ್ದು ಮೊಬೈಲು. ಮಾರ್ಚಿನಿಂದ ಮೇ ತನಕ, ಮತ್ತೆ ಸೆಪ್ಟೆಂಬರ್ ನಂತರ, ತಿಂಗಳಿಗೊಮ್ಮೆ ಹೋಗುತ್ತೇವೆ. ದೊಡ್ಡ ಲೆನ್ಸಿಗಾಗಿ ಸಾಲ ಮಾಡುವವರನ್ನು ಇಲ್ಲಿ ಕಂಡಿದ್ದೇವೆ. ಆ ದುಡ್ಡಿನಲ್ಲಿ ಒಂದೇ ಜಾಗಕ್ಕೆ ಹತ್ತು ಸಲ ಹೋಗಿ ಬರಬಹುದು ಎಂಬುದು ನಮ್ಮ ಲೆಕ್ಕ. ಮೊದಲ ಸಲ ಕಾಣುವುದು ಬರೀ ಬಂಡೆ, ಮೂರನೆಯ ಸಲ ಬಂಡೆಯ ಸಂದಿನಲ್ಲಿ ಕೂತ ಮಾರ್ಮಟ್.

ವಾಂಟೇಜಿನಲ್ಲೇ ಜಿಂಕ್ಗೊ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಜ್ಯ ಉದ್ಯಾನ ಇದೆ. ಸುಮಾರು 1.5 ಕೋಟಿ ವರ್ಷದ ಹಿಂದೆ ಲಾವಾ ಹರಿದಾಗ ಕೆಸರಲ್ಲಿ, ನೀರಲ್ಲಿ ಹೂತು ಉಳಿದ ಮರದ ದಿಮ್ಮಿಗಳು ಅಲ್ಲಿ ಕಲ್ಲಾಗಿವೆ. 1930ರ ದಶಕದ ಆರಂಭದಲ್ಲಿ ರಸ್ತೆ ಕಡಿಯುವಾಗ ಇವು ಕಣ್ಣಿಗೆ ಬಿದ್ದವು. ಎಲೆನ್ಸ್‌ಬರ್ಗ್ ಕಾಲೇಜಿನ ಜಾರ್ಜ್ ಬೆಕ್ ಎಂಬ ಅಧ್ಯಾಪಕರು ಇದರ ಬೆಲೆ ಗುರುತಿಸಿದರು. ಈಗ ಮರದ ಗಿಡವೂ ಬೆಳೆಯದ ಜಾಗದಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತು. ಒಂದು ಚೂರನ್ನು ಕಿಸೆಗೆ ಹಾಕಿಕೊಂಡು ಹೋಗೋಣ ಎಂದು ಅನಿಸುವುದು ಸಹಜ. ಆದರೆ ಉದ್ಯಾನದಿಂದ ತೆಗೆಯುವುದು ಅಪರಾಧ. ಫೋಟೊ ತೆಗೆಯಿರಿ, ಅಷ್ಟೇ.

ಇನ್ನೂ ಸ್ವಲ್ಪ ಈಶಾನ್ಯಕ್ಕೆ ಹೋದರೆ ಡ್ರೈ ಫಾಲ್ಸ್. ಹೆಸರೇ ಒಣ ಜಲಪಾತ. ಐದೂವರೆ ಕಿಲೋಮೀಟರ್ ಅಗಲ, 120 ಮೀಟರ್ ಎತ್ತರದ ಕಡಿದಾದ ಬಂಡೆ, ನೀರು ಮಾತ್ರ ಇಲ್ಲ. ನಮ್ಮ ಜೋಗದ ರಾಜಾ ಧಾರೆ ಇದಕ್ಕಿಂತ ಎತ್ತರ, ಆದರೆ ಈ ಅಗಲದ ಮುಂದೆ ನಿಂತರೆ ಮಾತು ಹೊರಡುವುದಿಲ್ಲ. ಈ ನೀರು ಎಲ್ಲಿ ಹೋಯಿತು ಎಂದು ಪತ್ತೆ ಹಚ್ಚಿದವರು ಜೆ ಹಾರ್ಲೆನ್ ಬ್ರೆಟ್ಜ್. ಅವರು ಮೊದಲು ಸಿಯಾಟಲ್‌ನ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಬಿಡುವಿನ ವೇಳೆಯಲ್ಲಿ ಸುತ್ತಮುತ್ತ ಅಲೆದು ನೆಲ ಓದುವುದು ಅವರ ಹವ್ಯಾಸ, ಅಂದರೆ ನಮ್ಮ ಹಾಗೆಯೇ ವಾರಾಂತ್ಯದ ಗಿರಾಕಿ. ಆಮೇಲೆ ಷಿಕಾಗೊದಲ್ಲಿ ಡಾಕ್ಟರೇಟ್ ಮಾಡಿ, ವರ್ಷ ವರ್ಷ ಇಲ್ಲಿಗೆ ಬಂದು ನಡೆದು, ಒಂದು ಭಾರೀ ಪ್ರವಾಹ ಈ ನೆಲವನ್ನೆಲ್ಲ ಕೆತ್ತಿದೆ ಎಂದು 1923ರಲ್ಲಿ ಬರೆದರು. ದೊಡ್ಡ ದೊಡ್ಡ ಭೂವಿಜ್ಞಾನಿಗಳು ಒಪ್ಪಲಿಲ್ಲ. ಅವರಲ್ಲಿ ಹಲವರು ಈ ಜಾಗವನ್ನು ಕಣ್ಣಾರೆ ನೋಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೊಂಟಾನಾದಲ್ಲಿ ಹಿಮದ ಅಣೆಕಟ್ಟು ತಡೆದಿದ್ದ ಸರೋವರ ಮತ್ತೆ ಮತ್ತೆ ಒಡೆದು ಈ ಪ್ರವಾಹ ಬಂತು ಎಂಬುದು ನಿಧಾನವಾಗಿ ಸಾಬೀತಾಯಿತು. ಭೂವಿಜ್ಞಾನದ ಅತಿ ದೊಡ್ಡ ಗೌರವಗಳಲ್ಲೊಂದಾದ ಪೆನ್ರೋಸ್ ಪದಕ ಅವರಿಗೆ ಸಿಕ್ಕಿದ್ದು 1979ರಲ್ಲಿ, ವಯಸ್ಸು 96 ದಾಟಿದ ಮೇಲೆ. ವಾದ ಗೆದ್ದಾಗ ವಾದ ಮಾಡಿದ ಎದುರಾಳಿಗಳಲ್ಲಿ ಹೆಚ್ಚಿನವರು ಬದುಕಿರಲಿಲ್ಲ!

ಬಂಡೆಯ ಕಥೆ ಹಾಗಾಯಿತು. ಕಾಲ ಕೆಳಗಿನ ಮಣ್ಣಿನ ಕಥೆ ಇನ್ನೂ ಸೂಕ್ಷ್ಮ. ಸೇಜ್‌ಬ್ರಷ್ ಪೊದೆಗಳ ನಡುವೆ ಖಾಲಿ ನೆಲ ಕಾಣುತ್ತದೆ. ಬಗ್ಗಿ ನೋಡಿದರೆ ಅದು ಖಾಲಿಯಲ್ಲ. ಪಾಚಿ, ಕಲ್ಲುಹೂವು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಸೇರಿ ಹೆಣೆದ ಒಂದು ತೆಳ್ಳಗಿನ ಹೊದಿಕೆ. ಮಣ್ಣು ಗಾಳಿಗೆ ಹಾರದ ಹಾಗೆ ಹಿಡಿಯುವುದು, ಬಿದ್ದ ನಾಲ್ಕು ಹನಿಯನ್ನು ಉಳಿಸುವುದು ಅದೇ. ಒಂದು ಬೂಟು ತುಳಿದರೆ ಪುಡಿ. ಮತ್ತೆ ಕಟ್ಟಿಕೊಳ್ಳಲು ಹಲವು ದಶಕ ಬೇಕು. ಹೊದಿಕೆ ಹರಿದಲ್ಲಿ ಚೀಟ್‌ಗ್ರಾಸ್ ಎಂಬ ಹೊರಗಿನಿಂದ ಬಂದ ಹುಲ್ಲು ನುಗ್ಗುತ್ತದೆ. ಅದು ಬೇಸಿಗೆ ಶುರುವಾಗುವ ಮೊದಲೇ ಒಣಗಿ ನಿಂತು ಬೆಂಕಿಗೆ ಬತ್ತಿಯಾಗುತ್ತದೆ. ಸೇಜ್‌ಬ್ರಷ್ ಒಮ್ಮೆ ಸುಟ್ಟರೆ ಬುಡದಿಂದ ಚಿಗುರುವ ಗಿಡವಲ್ಲ, ಬೀಜದಿಂದಲೇ ಬರಬೇಕು. ಚಳಿಗಾಲದಲ್ಲಿ ಅದರ ಎಲೆಯನ್ನೇ ತಿಂದು ಬದುಕುವ ಸೇಜ್ ಗ್ರೌಸ್ ಎಂಬ ನೆಲಹಕ್ಕಿಗೆ ಆಮೇಲೆ ಊಟವೂ ಇಲ್ಲ, ಮನೆಯೂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಕೋಲ್ಡ್ ಸ್ಪ್ರಿಂಗ್ಸ್, ಪರ್ಲ್ ಹಿಲ್ ಎಂಬ ಎರಡು ಬೆಂಕಿಗಳು ಸೇರಿ 4 ಲಕ್ಷ ಎಕರೆಗೂ ಹೆಚ್ಚು ಸುಟ್ಟವು. ಮರು ವರ್ಷವೇ ವಾಷಿಂಗ್ಟನ್ ರಾಜ್ಯ ಈ ಹಕ್ಕಿಯನ್ನು ಅಳಿವಿನ ಅಂಚಿನ ಪಟ್ಟಿಗೆ ಏರಿಸಿತು. ಇಂಥ ಪೊದೆನೆಲದಲ್ಲಿ ಅಂದಾಜು ಶೇ. 80ರಷ್ಟು ಅಳಿದಿದೆ ಅಥವಾ ಕೆಟ್ಟಿದೆ ಎಂದು ರಾಜ್ಯದ ವನ್ಯಜೀವಿ ಇಲಾಖೆಯೇ ಹೇಳುತ್ತದೆ.

ಮನುಷ್ಯರ ವಿಷಯಕ್ಕೆ ಬರೋಣ. ವಾಂಟೇಜಿನ ನದಿದಂಡೆಯಲ್ಲಿ ವನಾಪಮ್ ಜನರ ಹಿರಿಯರು ಬಂಡೆಯಲ್ಲಿ ಕೆತ್ತಿದ ಚಿತ್ರಗಳಿದ್ದವು. 1960ರ ದಶಕದ ಆರಂಭದಲ್ಲಿ ಅಣೆಕಟ್ಟು ಬಂದಾಗ ಸುಮಾರು 60 ಚಿತ್ರಗಳನ್ನು ಮಾತ್ರ ಕತ್ತರಿಸಿ ಮೇಲೆ ತಂದಿಟ್ಟರು, ಉಳಿದವು ನೀರಿನಡಿ. ಅಣೆಕಟ್ಟಿಗೆ ಇಟ್ಟ ಹೆಸರು ವನಾಪಮ್! ಕೆಳಗೆ ಹ್ಯಾನ್‌ಫರ್ಡ್ ಉಂಟು. 1943ರಲ್ಲಿ ಸೇನೆಗೆ ಗುಟ್ಟಿನ ಕಾರ್ಖಾನೆಗೆ ಜಾಗ ಬೇಕಾಯಿತು. ದೂರದ, ಜನ ಕಡಿಮೆಯಿರುವ ಒಣನೆಲ ಎಂದು ಇದನ್ನು ಆರಿಸಿದರು. ಹ್ಯಾನ್‌ಫರ್ಡ್, ವೈಟ್ ಬ್ಲಫ್ಸ್ ಎಂಬ ಊರುಗಳ ರೈತರನ್ನು ಎಬ್ಬಿಸಿದರು, ವನಾಪಮ್ ಜನರ ಮೀನಿನ ಜಾಗಕ್ಕೆ ಬೇಲಿ ಬಿತ್ತು. ಅಲ್ಲಿ ತಯಾರಾದ ಪ್ಲುಟೋನಿಯಂ 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿತ್ತು. ವಿಚಿತ್ರ ಏನೆಂದರೆ, ಕಾವಲಿಗೆಂದು ಸುತ್ತ ಬಿಟ್ಟಿದ್ದ ನೆಲಕ್ಕೆ ನೇಗಿಲು ತಾಗದೆ ಹಕ್ಕಿ, ಮೃಗ, ಪೊದೆ ಉಳಿದವು. 2000ನೇ ಇಸವಿಯಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವಾಗಿ ಘೋಷಿಸಿದರು. ಇಂದು ನಾವು ವೈಟ್ ಬ್ಲಫ್ಸ್‌ನ ಬಿಳಿ ದಂಡೆಯ ಫೋಟೊ ತೆಗೆಯುವಾಗ ಆಚೆ ದಡದಲ್ಲಿ ಹಳೆಯ ರಿಯಾಕ್ಟರುಗಳು ಕಾಣುತ್ತವೆ. ಹೆಚ್ಚಿನವರು ಅದನ್ನು ಕತ್ತರಿಸಿ ತೆಗೆಯುತ್ತಾರೆ. ಕತ್ತರಿಸಬಾರದು ಎಂಬುದು ನಮ್ಮ ಅಭಿಪ್ರಾಯ.

ಇದು ಅಮೆರಿಕದ ಕಥೆ ಮಾತ್ರ ಎಂದುಕೊಳ್ಳಬೇಡಿ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯಿಸುವವರು ಬೇಲಿಯ ಹೊರಗೆ ನಿಂತರು. ಆ ಸಂಸ್ಥೆಗಳು ಬೇಡ ಎಂದು ನಾವು ಹೇಳುತ್ತಿಲ್ಲ. ಖಾಲಿ ಎಂಬ ಮಾತು ಎರಡು ಖಂಡದಲ್ಲೂ ಒಂದೇ ಕೆಲಸ ಮಾಡಿತು ಎನ್ನುತ್ತಿದ್ದೇವೆ. ರಾಣೆಬೆನ್ನೂರಿನಲ್ಲಿ ಎರೆಭೂತ ಹಕ್ಕಿಗೂ ಕೃಷ್ಣಮೃಗಕ್ಕೂ ಎಂದು 1974ರಲ್ಲಿ ಅಭಯಾರಣ್ಯ ಮಾಡಿದರು, ಆದರೆ ಬೋಳು ನೆಲ ಹಸಿರಾಗಲಿ ಎಂದು ಅಲ್ಲಿ ಬೆಳೆಸಿದ್ದು ನೀಲಗಿರಿ. ಬಯಲೇ ಬೇಕಾದ ಹಕ್ಕಿಗೆ ತೋಪು ಕೊಟ್ಟರೆ ಅದು ಏನು ಮಾಡೀತು? ಕೃಷ್ಣಮೃಗ ಉಳಿಯಿತು, ಎರೆಭೂತ ಹೋಯಿತು.

ಈಗ ಫೋಟೊ ತೆಗೆಯುವ ನಮ್ಮವರ ಬಗ್ಗೆ ನಾಲ್ಕು ಮಾತು. ಒಥೆಲೊ, ಮೋಸಸ್ ಲೇಕ್ ಕಡೆ ಬಿಲದಲ್ಲಿ ಗೂಡು ಮಾಡುವ ಪುಟ್ಟ ಗೂಬೆ ಉಂಟು, ಕೋಳಿಮರಿಗಿಂತ ಸ್ವಲ್ಪ ದೊಡ್ಡದು. ಬಿಲದ ಬಾಯಲ್ಲಿ ನಿಂತು ಮುಖ ತಿರುಗಿಸುವಾಗ ಎಂಥವರಿಗೂ ಪ್ರೀತಿ ಬರುತ್ತದೆ. ಪ್ರೀತಿಯೇ ತೊಂದರೆ. ಒಬ್ಬ ಒಳ್ಳೆಯ ಫೋಟೊ ತೆಗೆದು ಜಾಗದ ಗುರುತು ಹಾಕಿದರೆ ಮುಂದಿನ ಶನಿವಾರ ಇಪ್ಪತ್ತು ಜನ. ತಾಯಿ ಹಕ್ಕಿ ಬಿಲಕ್ಕೆ ಮರಳಲು ಹೆದರುತ್ತದೆ, ಮರಿಗೆ ಊಟ ತಪ್ಪುತ್ತದೆ. ಹಾಗಾಗಿ ಗೂಡಿನ ಜಾಗ ಯಾರಿಗೂ ಹೇಳುವುದಿಲ್ಲ ಎಂದು ನಾವು ಮನೆಮನೆಯವರು ಕಟ್ಟು ಮಾಡಿಕೊಂಡಿದ್ದೇವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಇಲ್ಲ. ಡ್ರೋನಿಗೆ ಇಲ್ಲಿನ ವನ್ಯಜೀವಿ ಧಾಮಗಳಲ್ಲಿ ನಿಷೇಧ ಇದೆ, ರಾಜ್ಯ ಉದ್ಯಾನಗಳಲ್ಲಿ ಅನುಮತಿ ಬೇಕು. ಕೆಲವರಿಗೆ ಇದೆಲ್ಲ ಅತಿ ಅನಿಸುತ್ತದೆ. ‘ಒಂದು ಫೋಟೊದಿಂದ ಏನಾಗುತ್ತದೆ’ ಎನ್ನುತ್ತಾರೆ. ಒಂದರಿಂದ ಏನೂ ಆಗುವುದಿಲ್ಲ, ಸರಿ. ಆದರೆ ಒಂದೇ ಎಂದುಕೊಂಡು ಬಂದವರೇ ಅಲ್ಲವೇ ಆ ಇಪ್ಪತ್ತು ಜನ? ಗಾಡಿ ಹಾರಿಸುವ ಆಸೆ ಇದ್ದವರಿಗೆ ಮೋಸಸ್ ಲೇಕಿನ ಮರಳ ದಿಬ್ಬದಲ್ಲಿ ಅದಕ್ಕೆಂದೇ ಬಿಟ್ಟ ಜಾಗ ಉಂಟು, ಅಲ್ಲಿ ಬೇಕಾದಷ್ಟು ಹಾರಿಸಲಿ.

ಕತ್ತರಿಸುವ ಮಾತು ಬಂತಲ್ಲ, ಇನ್ನೊಂದನ್ನೂ ಹೇಳಬೇಕು. ಇಲ್ಲಿ ಒಣನೆಲದ ಪಕ್ಕದಲ್ಲೇ ಗಾಢ ಹಸಿರು ತೋಟ. 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ನೀರು 6 ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ಹರಿಯುತ್ತದೆ. ಅದೇ ಅಣೆಕಟ್ಟು ಮೇಲಿನ ಬುಡಕಟ್ಟುಗಳ ಸಾಲ್ಮನ್ ಮೀನಿನ ದಾರಿಯನ್ನು ಮುಚ್ಚಿತು. ಇನ್ನೊಂದು ಕಡೆ, ಆ ನೀರಿನಿಂದ ಬೆಳೆದ ಜೋಳದ ಕೂಳೆಯಲ್ಲಿ ಕಾಳು ಹೆಕ್ಕಲು ಪ್ರತಿ ಮಾರ್ಚಿನಲ್ಲಿ ಸಾವಿರಾರು ಸ್ಯಾಂಡ್‌ಹಿಲ್ ಕೊಕ್ಕರೆಗಳು ಇಳಿಯುತ್ತವೆ. ಒಥೆಲೊದಲ್ಲಿ 1998ರಿಂದ ಅವುಗಳ ಹೆಸರಿನಲ್ಲಿ ಉತ್ಸವವೇ ನಡೆಯುತ್ತದೆ. ಹಾಗಾಗಿ ನೀರಾವರಿ ಪೂರ್ತಿ ಕೆಟ್ಟದ್ದು ಎಂದು ಷರಾ ಬರೆಯಲು ನಮ್ಮಿಂದ ಆಗುವುದಿಲ್ಲ. ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ರಾಜ್ಯದ್ದು. ಕೊಯ್ಯುವವರು ಹೆಚ್ಚಾಗಿ ಮೆಕ್ಸಿಕೊ ಮೂಲದವರು. ಜೂನಿನ ಚೆರಿ ಕೊಯ್ಲು ಬಿಸಿಲೇರುವ ಮೊದಲೇ ಶುರು. ಆ ನಸುಕಿನಲ್ಲಿ ಕ್ವಿನ್ಸಿ, ಮಟ್ಟಾವ ರಸ್ತೆಯಲ್ಲಿ ಎದ್ದಿರುವವರು ಎರಡೇ ಬಗೆ, ಸೂರ್ಯೋದಯದ ಫೋಟೊಕ್ಕೆ ಬಂದವರು ಮತ್ತು ಏಣಿ ಹೊತ್ತು ತೋಟಕ್ಕೆ ಹೋಗುವವರು. ನಮ್ಮ ಅಣ್ಣತಮ್ಮಂದಿರು ಕಂಪೆನಿ ಬಸ್ಸಿನಲ್ಲಿ ತಲೆ ವಾಲಿಸಿ ಸೈಟಿಗೆ ಹೋಗುವ ಹೊತ್ತೂ ಅದೇ. ನಮಗೆ ಆ ಹೊತ್ತಿಗೆ ಕ್ಯಾಮರಾ ಹಿಡಿಯುವ ಪುರುಸೊತ್ತು ಸಿಕ್ಕಿದೆ. ಊರಿಗೆ ಕಳಿಸುವ ಫೋಟೊದಲ್ಲಿ ಬಂಡೆಯ ಜೊತೆ ಏಣಿಯೂ ಇರಲಿ, ವಿದೇಶ ಎಂದರೆ ಬರೀ ಪಿಕ್ನಿಕ್ ಎಂದು ಪಿಯುಸಿ ಹುಡುಗರು ತಿಳಿಯುವುದು ಬೇಡ.

ಗಲ್ಫಿನ ಓದುಗರು ನಗು ನಿಲ್ಲಿಸಿ ಒಂದು ಕ್ಷಣ ಕೇಳಬೇಕು. ನಿಮ್ಮ ಸುತ್ತಲಿನ ಮರಳು ಇದಕ್ಕಿಂತ ಬಡವಲ್ಲ. ಚಳಿಗಾಲದ ಮಳೆ ಬಿದ್ದರೆ ಕುವೈತ್, ಸೌದಿಯ ಮರಳಿನೊಳಗೆ ನಮ್ಮ ಕಲ್ಲಣಬೆಯ ಹಾಗೆ ಫಗ್ಗಾ ಹುಟ್ಟುತ್ತದೆ. ಅರೇಬಿಯನ್ ಓರಿಕ್ಸ್ 1972ರಲ್ಲಿ ಬೇಟೆಯಿಂದ ಕಾಡಿನಲ್ಲಿ ಪೂರ್ತಿ ಮುಗಿದಿತ್ತು. ಮೃಗಾಲಯಗಳಲ್ಲಿ ಉಳಿದವುಗಳ ಸಂತತಿಯನ್ನು 1982ರಲ್ಲಿ ಒಮಾನಿನ ಬಯಲಿಗೆ ಮರಳಿ ಬಿಟ್ಟರು. ದುಬೈಯ ಪಶುವೈದ್ಯರು ಸತ್ತ ಒಂಟೆಗಳ ಹೊಟ್ಟೆಯಿಂದ ಕಲ್ಲಿನಂತೆ ಗಟ್ಟಿಯಾದ ಪ್ಲಾಸ್ಟಿಕ್ ಗಡ್ಡೆ ತೆಗೆದಿದ್ದಾರೆ. ಅದು ವಾರಾಂತ್ಯದವರು ಬಿಟ್ಟು ಹೋದ ಚೀಲ, ಹಗ್ಗ. ಊರಲ್ಲಿ ನಮ್ಮ ಪದವುಗಳಿಗೂ ಇದೇ ಗತಿ. ಮುರಕಲ್ಲಿನ ಬೋಳು ಎಂದು ಕೋರೆಗೆ, ಕಸಕ್ಕೆ ಬಿಡುತ್ತೇವೆ. ಮಳೆಗಾಲದಲ್ಲಿ ಅದೇ ಪದವಿನಲ್ಲಿ ಬೆರಳುದ್ದದ ನೀಲಿ ಹೂವು ಹಾಸುತ್ತದೆ, ನೀರಹುಳ ಹಿಡಿದು ತಿನ್ನುವ ಗಿಡದ ಹೂವು. ಮಂಜನಾಡಿ, ಪೈವಳಿಕೆ ಕಡೆಯ ಮಕ್ಕಳಿಗೆ ಅದನ್ನು ಬಗ್ಗಿ ನೋಡಲು ಯಾರು ಹೇಳಿದ್ದಾರೆ?

ನಮ್ಮ ಸಂಘಗಳಿಗೆ ಒಂದು ಸಲಹೆ ಕೊಟ್ಟು ನಿಲ್ಲಿಸುತ್ತೇವೆ. ರಕ್ತದಾನ ಶಿಬಿರ, ವೈದ್ಯಕೀಯ ಶಿಬಿರ ಚೆನ್ನಾಗಿ ಮಾಡುತ್ತೀರಿ. ವಾರಕ್ಕೆ ಒಂದೇ ರಜೆ ಇರುವ, ಕ್ಯಾಂಪಿನ ಕೋಣೆಯಲ್ಲಿ ಮಲಗಿಯೇ ಅದನ್ನು ಕಳೆಯುವ ಕಾರ್ಮಿಕರಿಗಾಗಿ ನವೆಂಬರ್‌ನಿಂದ ಫೆಬ್ರವರಿ ಒಳಗೆ ಒಂದು ಬಸ್ಸು ಹೊರಡಿಸಿ. ಸಫಾರಿ ಬೇಡ, ಒಂಟೆ ಸವಾರಿ ಬೇಡ. ಸಂರಕ್ಷಿತ ಮರುಭೂಮಿಯ ಅಂಚಿನಲ್ಲಿ ಎರಡು ಗಂಟೆ ನಡಿಗೆ, ಹಕ್ಕಿ ಬಲ್ಲ ಒಬ್ಬರು ಜೊತೆಗೆ, ಕುಡಿಯುವ ನೀರು, ಕಸಕ್ಕೊಂದು ಚೀಲ, ಕಿಸೆಯಲ್ಲಿರುವ ಮೊಬೈಲೇ ಕ್ಯಾಮರಾ. ಬಸ್ಸಿನ ಬಾಡಿಗೆ ತಲೆಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಬೇಕಿದ್ದರೆ ಕೇಳಿ, ಇಲ್ಲಿಂದಲೇ ಹಾಕಿ ಕಳಿಸುತ್ತೇವೆ.