ತಂಡ ಕೊಂಡವರು ಊರಿಗೆ ಏನು ಬಿಟ್ಟು ಹೋಗುತ್ತಾರೆ?

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಆ ರಾತ್ರಿಯ ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ: 4 ಓವರಿಗೆ 17 ರನ್, 2 ವಿಕೆಟ್. ತಂಡ ಅವರನ್ನು ಹರಾಜಿನಲ್ಲಿ 5.75 ಕೋಟಿ ರೂಪಾಯಿಗೆ ಕೊಂಡಿತ್ತು. ಕೊಂಡವರು ಇವರು, ಸರಿ. ಬೆಳೆಸಿದವರು ಯಾರು?

ಕೃಣಾಲ್ ಮತ್ತು ಹಾರ್ದಿಕ್ ಅವರ ತಂದೆ ಸೂರತ್‌ನಲ್ಲಿದ್ದ ತಮ್ಮ ವ್ಯವಹಾರ ಮುಚ್ಚಿ, ಮಕ್ಕಳ ಕ್ರಿಕೆಟ್‌ಗಾಗಿಯೇ ವಡೋದರಾಕ್ಕೆ ಮನೆ ಬದಲಿಸಿದರು. ಅಲ್ಲಿ ಮಾಜಿ ವಿಕೆಟ್ ಕೀಪರ್ ಕಿರಣ್ ಮೋರೆ ತಮ್ಮ ಅಕಾಡೆಮಿಯಲ್ಲಿ ಮೊದಲ ಕೆಲವು ವರ್ಷ ಹುಡುಗರಿಂದ ಶುಲ್ಕ ಪಡೆಯಲಿಲ್ಲ. ಮೋರೆ ಸ್ವತಃ ಬರೋಡ ತಂಡದಲ್ಲಿ ಆಡಿ ಬೆಳೆದವರು. ಆಡಲು ಮೈದಾನ, ಕಲಿಸಲು ಹಿರಿಯರು, ಸೇರಲು ಒಂದು ರಣಜಿ ತಂಡ, ಮೂರೂ ಆ ಊರಿನಲ್ಲಿ ಮೊದಲೇ ಇದ್ದವು.

ಅವುಗಳ ಬೇರು ಗಾಯಕವಾಡ ಅರಸರ ಕಾಲದಲ್ಲಿದೆ. ವಿಜಯ್ ಹಜಾರೆ ಬರೋಡ ಸಂಸ್ಥಾನದ ಸೇವೆಯಲ್ಲಿದ್ದರು. 1947ರ ರಣಜಿ ಫೈನಲ್‌ನಲ್ಲಿ ಹೋಳ್ಕರ್ ತಂಡದ ವಿರುದ್ಧ ಅವರೂ ಗುಲ್ ಮಹಮ್ಮದರೂ ಸೇರಿಸಿದ 577 ರನ್ನಿನ ಜೊತೆಯಾಟವನ್ನು 2006ರ ತನಕ ಜಗತ್ತಿನಲ್ಲಿ ಯಾರೂ ಮೀರಲಿಲ್ಲ. 1949ರಲ್ಲಿ ಸಂಸ್ಥಾನ ವಿಲೀನವಾಯಿತು, ತಂಡ ಉಳಿಯಿತು. 2000-01ರಲ್ಲೂ ಅದು ರಣಜಿ ಗೆದ್ದಿತು. ಮಹಾರಾಜ ಫತೇಸಿಂಗರಾವ್ ತಾವೇ ಆ ತಂಡಕ್ಕೆ ಆಡಿದವರು, 1963ರಿಂದ 66ರವರೆಗೆ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದರು.

ಇದು ಅರಸೊತ್ತಿಗೆಯ ಗುಣಗಾನವಲ್ಲ. ಆ ಹಣ ರೈತರ ಕಂದಾಯದ್ದು. ‘ಆಶ್ರಯದಾತ’ ಎಂಬ ಪದ ಅದನ್ನು ಜಾಣತನದಿಂದ ಮರೆಸುತ್ತದೆ. ಆದರೂ ಅರಸರು ಹೋದ ಮೇಲೆ ಊರಿನ ಕೈಯಲ್ಲಿ ಏನೋ ಉಳಿಯಿತು.

ಇಂದಿನ ‘ಮಾಲೀಕ’ರಿಂದ ಏನು ಉಳಿಯುತ್ತದೆ? ಗುಜರಾತ್ ಲಯನ್ಸ್ ಎಂಬ ತಂಡ 2016, 2017ರಲ್ಲಿ ಆಡಿ ಮಾಯವಾಯಿತು. 2021ರಲ್ಲಿ ಸಿವಿಸಿ ಎಂಬ ವಿದೇಶಿ ಹೂಡಿಕೆ ಸಂಸ್ಥೆ ಅಹಮದಾಬಾದಿನ ತಂಡವನ್ನು 5,625 ಕೋಟಿಗೆ ಹಿಡಿಯಿತು. ಮರುವರ್ಷವೇ ಹಾರ್ದಿಕ್ ನಾಯಕತ್ವದಲ್ಲಿ ಗುಜರಾತ್ ಟೈಟಾನ್ಸ್ ಕಪ್ ಗೆದ್ದಿತು. 2025ರಲ್ಲಿ ಸಿವಿಸಿ 67% ಪಾಲನ್ನು ಟೊರೆಂಟ್ ಸಮೂಹಕ್ಕೆ ಮಾರಿತು. ಹೊಲ ಉತ್ತವರು ಒಬ್ಬರು, ಫಸಲು ಮಾರಿದವರು ಇನ್ನೊಬ್ಬರು.

ಫ್ರಾಂಚೈಸಿಗಳ ಹಣ ಮಂಡಳಿಯ ಮೂಲಕ ರಾಜ್ಯ ಸಂಸ್ಥೆಗಳಿಗೆ ತಲುಪುತ್ತದಲ್ಲ ಎನ್ನಬಹುದು. ತಲುಪುತ್ತದೆ, ನಿಜ. ಆದರೆ ಅದು ಮಂಡಳಿಯ ಹಂಚಿಕೆ, ಮಾಲೀಕನ ಕೊಡುಗೆಯಲ್ಲ. ಬಾಡಿಗೆ ಕಟ್ಟಿದವನು ಮನೆ ಕಟ್ಟಿಸಿದೆ ಎಂದು ಬೀಗಬಾರದು.

ಐಪಿಎಲ್ ತಂಡವೇ ಇಲ್ಲದ ಸೂರತ್ ನೋಡಿ. ಅಲ್ಲಿನ ಲಾಲ್‌ಭಾಯ್ ಕಾಂಟ್ರಾಕ್ಟರ್ ಕ್ರೀಡಾಂಗಣದಲ್ಲೇ 2019ರ ಸೆಪ್ಟೆಂಬರಿನಲ್ಲಿ 15 ವರ್ಷದ ಶೆಫಾಲಿ ವರ್ಮಾ ಭಾರತಕ್ಕೆ ಮೊದಲು ಆಡಿದ್ದು. ಅದೇ ಡಿಸೆಂಬರ್ 1ರಂದು ಕರ್ನಾಟಕ ತಮಿಳುನಾಡನ್ನು ಒಂದೇ ರನ್ನಿನಿಂದ ಸೋಲಿಸಿ ಮುಷ್ತಾಕ್ ಅಲಿ ಟ್ರೋಫಿ ಗೆದ್ದದ್ದೂ ಅಲ್ಲೇ. ಕ್ರಿಕೆಟ್ ನಡೆಯಲು ನೆಲ ಬೇಕು. ಮಾಲೀಕ ಬೇಕೇ ಬೇಕೆಂದಿಲ್ಲ.

ಆದ್ದರಿಂದ ತಂಡದ ಪಾಲು ಕೈಬದಲಾದಾಗಲೆಲ್ಲ ಬರುವ ಲಾಭದಲ್ಲಿ ಒಂದಂಶ ಜಿಲ್ಲಾ ಮೈದಾನಗಳಿಗೆ ಹೋಗಬೇಕೆಂಬ ಷರತ್ತು ಕರಾರಿನಲ್ಲೇ ಇರಲಿ. ಮಗನ ಆಟಕ್ಕಾಗಿ ಇನ್ನೊಬ್ಬ ಅಪ್ಪ ವ್ಯವಹಾರ ಮುಚ್ಚಿ ಊರು ಬಿಡಬೇಕಾಗದಂತೆ ಮಾಡಿದ ಮಾಲೀಕನ ಹೆಸರು ಉಳಿಯುತ್ತದೆ. ಉಳಿದವರದು ಬರೀ ವ್ಯಾಪಾರ.