ಅಜ್ಜಿಯ ಮಡಿಲಷ್ಟೇ ಸಾಲದು, ಆದೇಶವೂ ಬೇಕು

ತಂದೆ ಕುಡಿತಕ್ಕೆ ಬಿದ್ದು, ತಾಯಿ ಮನೆಬಿಟ್ಟು ಹೋಗಿ, ಮಗು ಹೊತ್ತಿಗೆ ಊಟವಿಲ್ಲದೆ ಅಲೆಯುತ್ತಿದ್ದರೆ ನೆಂಟರು ಮೊದಲು ಹೇಳುವುದು ‘ಅಜ್ಜಿ ಕಡೆ ಬಿಟ್ಟುಬಿಡ್ರಿ’ ಎಂದು. ಸಲಹೆ ಒಳ್ಳೆಯದೇ. ಆದರೆ ಬಸ್ಸು ಹತ್ತಿಸಿ ಕಳಿಸಿದರೆ ಮುಗಿಯಿತೇ? ನಾಳೆ ಅಪ್ಪ ಬಂದು ಮಗುವಿನ ಕೈ ಹಿಡಿದೆಳೆದರೆ ಅಜ್ಜಿಯ ಹತ್ತಿರ ತೋರಿಸಲು ಏನಿರುತ್ತದೆ?

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಸಮಿತಿ ಎಂದೊಡನೆ ‘ಮಗುವನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ’ ಎಂದು ಹೆದರುವವರೇ ಹೆಚ್ಚು. ಕಾಯ್ದೆ ಹೇಳುವುದು ಬೇರೆ: ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಾಲಮಂದಿರ. ಸಮಾಜ ಕಾರ್ಯಕರ್ತರು ಅಜ್ಜಿಯ ಮನೆಯನ್ನು ಕಂಡು ವರದಿ ಕೊಡುತ್ತಾರೆ, ಮಗುವಿನ ಇಷ್ಟವನ್ನೂ ಕೇಳಬೇಕು. ಆಮೇಲೆ ಮಗುವನ್ನು ಅಜ್ಜಿಗೆ ಒಪ್ಪಿಸಿ ಸಮಿತಿ ಆದೇಶ ಮಾಡಬಹುದು. ಇದರಿಂದ ಹೆತ್ತವರ ಹಕ್ಕು ಅಳಿದುಹೋಗುವುದಿಲ್ಲ. ಮಗು ಬೇಕೆಂದರೆ ಸಮಿತಿಯ ಮುಂದೆ ಬಂದು ಕೇಳಲಿ.

ಇನ್ನು ಖರ್ಚಿನ ಮಾತು. ಸರ್ಕಾರದ ‘ಮಿಷನ್ ವಾತ್ಸಲ್ಯ’ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಶಾಲೆಯ ಚಿಂತೆಯೂ ಬೇಡ: ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ (ಟಿ.ಸಿ.) ಬರುವುದು ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಕಾಗದಪತ್ರಕ್ಕಿಂತ ಕಷ್ಟದ್ದು ಮನೆಯೊಳಗಿನ ಮೊದಲ ತಿಂಗಳುಗಳು. ಉಂಡೆದ್ದ ಮಗು ಅರ್ಧ ರೊಟ್ಟಿ ಮಡಚಿ ದಿಂಬಿನಡಿ ಇಡಬಹುದು. ಕಳ್ಳಬುದ್ಧಿ ಎಂದು ಬೈಯಬೇಡಿ. ನಾಳೆಯೂ ಊಟ ಉಂಟು ಎಂಬ ನಂಬಿಕೆ ಅದಕ್ಕೆ ಇನ್ನೂ ಬಂದಿಲ್ಲ. ಕೈಗೆಟುಕುವ ಡಬ್ಬಿಯಲ್ಲಿ ಶೇಂಗಾ-ಬೆಲ್ಲ ಇಟ್ಟು, ದಿನಾ ಒಂದೇ ಹೊತ್ತಿಗೆ ಬಡಿಸುತ್ತ ಬಂದರೆ ಬಚ್ಚಿಡುವುದು ಮೆಲ್ಲಗೆ ಕಡಿಮೆಯಾಗುತ್ತದೆ. ಅಜ್ಜಿಯ ಸಂಕಟವೂ ಸಣ್ಣದಲ್ಲ. ಮೊಮ್ಮಗುವನ್ನು ಕಡೆಗಣಿಸಿದವನು ಅವಳ ಹೊಟ್ಟೆಯಲ್ಲೇ ಹುಟ್ಟಿದವನು. ‘ನೀನೇ ಸರಿಯಾಗಿ ಬೆಳೆಸಲಿಲ್ಲ’ ಎಂದು ಮಗುವಿನೆದುರೇ ಹಂಗಿಸುವ ನೆಂಟರು ಮನೆಗೆ ಬರದಿದ್ದರೇ ವಾಸಿ! ಬರುವವರು ಮಂಡಿನೋವಿನ ಅಜ್ಜಿಯ ಬದಲು ಶಾಲೆಯ ಸಭೆಗೆ ಹೋಗಿಬರಲಿ. ಅವಳು ಹಾಸಿಗೆ ಹಿಡಿದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಈಗಲೇ ಸಮಿತಿಗೆ ತಿಳಿಸಿಡುವುದು ಒಳಿತು.

ನಿಮ್ಮ ಓಣಿಯಲ್ಲಿ ಇಂಥ ಮಗುವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ. ಅಜ್ಜಿಗೆ ಅರ್ಜಿ ಬರೆಯಲು ಬಾರದಿದ್ದರೆ ನೀವೇ ಬರೆದುಕೊಡಿ.