ಸತ್ತವರಲ್ಲಿಯೂ ಪಂಕ್ತಿಭೇದವೇ?

ಪ್ರತಿ ವರ್ಷ ಸೆಪ್ಟೆಂಬರ 17ರಂದು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ವಿಮೋಚನೆಯ ಉತ್ಸವವು ಜರುಗುತ್ತದೆ. 1948ರಲ್ಲಿ ಆ ದಿನ ನಿಜಾಮನು ಶರಣಾಗತನಾದನು. ದಬ್ಬಾಳಿಕೆಯಲ್ಲಿ ನೊಂದ ಸೀಮೆಯು ನಿಟ್ಟುಸಿರಿಟ್ಟಿತು. ಉತ್ಸವವು ಉಚಿತವೇ ಸರಿ. ಆದರೆ ಆ ತಾರೀಖನ್ನು ಗಡಿಗಲ್ಲಾಗಿ ನೆಟ್ಟು, ಅದರ ಹಿಂದೆ ಮಡಿದವರಿಗೆ ಮಾತ್ರ ಕಣ್ಣೀರನ್ನು ಮೀಸಲಿಟ್ಟು, ಮುಂದೆ ಮಡಿದವರ ಹೆಸರನ್ನೇ ಎತ್ತದಿರುವುದು ಯಾವ ನ್ಯಾಯ?

ಹಿಂದಿನ ಕಥೆಯನ್ನು ಎಲ್ಲರೂ ಬಲ್ಲರು. ಕಾಸೀಂ ರಜವಿಯ ರಜಾಕಾರರ ಸುಲಿಗೆ ಕೊಲೆಗಳಿಗೆ ಅಂಜಿ ಗಡಿಭಾಗದ ಕುಟುಂಬಗಳು ಮನೆಮಾರು ತೊರೆದು ಮುಂಬಯಿ ಪ್ರಾಂತಕ್ಕೆ ಓಡಿದವು. ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ಹತ್ಯಾಕಾಂಡವೇ ನಡೆಯಿತು. ಆಗಸ್ಟಿನಲ್ಲಿ 'ಇಮರೋಜ' ಪತ್ರಿಕೆಯ ಸಂಪಾದಕರಾದ ಶೋಯೆಬುಲ್ಲಾ ಖಾನರು, ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದ ತಪ್ಪಿಗೆ, ಹೈದರಾಬಾದಿನಲ್ಲಿ ಕೊಲೆಗೀಡಾದರು.

ಮುಂದಿನ ಕಥೆಯನ್ನು ಬಲ್ಲವರು ಬಹಳಿಲ್ಲ, ಬಲ್ಲವರೂ ಆಡುವುದಿಲ್ಲ. ಸಂಸ್ಥಾನವು ಬಿದ್ದೊಡನೆ ಸೇಡಿನ ಬೆಂಕಿಯೆದ್ದು, ರಜಾಕಾರರ ನೆರಳನ್ನೂ ಕಾಣದ ಬಡ ಮುಸಲ್ಮಾನರನ್ನು ಸುಟ್ಟಿತು. ಪಂಡಿತ ಸುಂದರಲಾಲರೂ ಕಾಜಿ ಅಬ್ದುಲ್ ಗಫಾರರೂ ಮೌಲಾನಾ ಅಬ್ದುಲ್ಲಾ ಮಿಸ್ರಿಯವರೂ 1948ರ ನವೆಂಬರ ಡಿಸೆಂಬರಗಳಲ್ಲಿ ಸಂಸ್ಥಾನವನ್ನು ಸುತ್ತಿ ವರದಿಯೊಪ್ಪಿಸಿದರು. ಅಳಿದ ಜೀವಗಳು 27,000ದಿಂದ 40,000ದವರೆಗೆಂದು ಅವರ ಅಂದಾಜು. ಅತ್ಯಂತ ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ, ನಾಂದೇಡ, ಬೀದರಗಳೊಡನೆ ಅವರು ಹೆಸರಿಸಿದ್ದು ಗುಲಬರ್ಗೆಯನ್ನು. ಆಗ ಈ ಮೂರು ತಾಲೂಕುಗಳೂ ಆ ಜಿಲ್ಲೆಯವೇ. ತಮ್ಮ ಪ್ರಾಣವನ್ನು ಒತ್ತೆಯಿಟ್ಟು ನೆರೆಯ ಮುಸಲ್ಮಾನರನ್ನು ಕಾಯ್ದ ಹಿಂದುಗಳ ಸಂಗತಿಯೂ ಆ ವರದಿಯಲ್ಲಿದೆ. ಅದನ್ನು ಹೂತಿಟ್ಟವರು ಆ ಪುಣ್ಯವಂತರನ್ನೂ ಹೂತಿಟ್ಟರು! ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ಬಂದುದು 2013ರಲ್ಲಿ, ಅರುವತ್ತೈದು ವರ್ಷಗಳ ತರುವಾಯ.

ನ್ಯಾಯವಾದರೂ ಎಷ್ಟು ನಡೆಯಿತು? ಬೀಬಿನಗರದ ಡಕಾಯಿತಿಯ ಖಟ್ಲೆಯಲ್ಲಿ ರಜವಿಗೆ ಶಿಕ್ಷೆಯಾಯಿತು. 1953ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1957ರಲ್ಲಿ ಆತನು ಬಿಡುಗಡೆ ಹೊಂದಿ ಪಾಕಿಸ್ತಾನಕ್ಕೆ ಹೊರಟುಹೋದನು. ಗೋರ್ಟೆಯ ವಿಧವೆಯರಿಗೆ ಇದರಿಂದ ದೊರೆತುದೇನು? ಗುಲಬರ್ಗೆಯ ಅನಾಥರಿಗೆ ದೊರೆತುದೇನು? ಒಂದು ಕಡೆಯವರಿಗೆ ಡಕಾಯಿತಿಯ ತೀರ್ಪು, ಇನ್ನೊಂದು ಕಡೆಯವರಿಗೆ ಬೀಗ ಹಾಕಿದ ವರದಿ!

'ಹಳೆಯ ಹುಣ್ಣನ್ನು ಕೆರೆಯುವುದೇಕೆ?' ಎಂದು ಕೆಲವರು ಕೇಳುವರು. ತೊಳೆಯದೆ ಕಟ್ಟಿದ ಹುಣ್ಣು ಒಳಗೇ ಕೀತುಕೊಳ್ಳುವುದೆಂಬುದನ್ನು ಹಳ್ಳಿಯ ಅಜ್ಜಿಯೂ ಬಲ್ಲಳು. ಎರಡನೆಯ ಕಥೆ ಹೇಳಿದರೆ ಮೊದಲನೆಯದು ಹಗುರವಾಗುವುದೆಂದು ಮತ್ತೆ ಕೆಲವರ ಅಂಜಿಕೆ. ಒಬ್ಬ ತಾಯಿಯ ಅಳುವಿನಿಂದ ಇನ್ನೊಬ್ಬ ತಾಯಿಯ ಅಳು ಸುಳ್ಳಾಗುವುದುಂಟೇ?

ಪೋಲೆಂಡಿನ ಸೊಬಿಬೋರದಲ್ಲಿ ನಾಜಿಗಳು ಕೊಲೆಗೆಂದೇ ಶಿಬಿರ ಕಟ್ಟಿದ್ದರು. ಅಲ್ಲಿಯ ಕಾವಲುಗಾರನೊಬ್ಬನು 1943ರಲ್ಲಿ ಮಾಡಿದ ಕೃತ್ಯಕ್ಕೆ ಜರ್ಮನಿಯ ಮ್ಯೂನಿಚ್ ನಗರದ ನ್ಯಾಯಾಲಯವು 2011ರಲ್ಲಿ ಅಪರಾಧಿಯೆಂದು ತೀರ್ಪಿತ್ತಿತು. ಮೇಲ್ಮನವಿ ಇತ್ಯರ್ಥವಾಗುವ ಮುನ್ನವೇ ಆತನು ಸತ್ತನು. ಆದರೂ ಮಡಿದವರ ಲೆಕ್ಕವು ತೆರೆದ ಸಭೆಯಲ್ಲಿ ಓದಲ್ಪಟ್ಟಿತು. ಗುಲಬರ್ಗೆಯದು ಅಂಥ ಶಿಬಿರದ ಕಥೆಯಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕಾಲ ಕಳೆದ ಮಾತ್ರಕ್ಕೆ ಸತ್ತವರ ಹಕ್ಕು ಕಳೆಯದೆಂಬ ತತ್ತ್ವವು ಅಲ್ಲಿಗೂ ಇಲ್ಲಿಗೂ ಒಂದೇ.

ಇಲ್ಲಿ ದಂಡಿಸಲು ಅಪರಾಧಿಗಳು ಉಳಿದಿರಲಿಕ್ಕಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದ ಬಾಲಕರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಉಳಿದಿರುವ ನ್ಯಾಯವೊಂದೇ: ಆ ವರದಿಯನ್ನು ಕನ್ನಡಿಸಿ ಊರೂರಿನ ಗ್ರಂಥಾಲಯದಲ್ಲಿಡುವುದು, ಮುದುಕರ ಬಾಯಿಂದ ಮಡಿದವರ ಹೆಸರು ಕೇಳಿ ಬರೆದುಕೊಳ್ಳುವುದು, ರಜಾಕಾರರಿಂದ ಹತರಾದವರನ್ನೂ ರಜಾಕಾರರೆಂಬ ಹೆಸರಿನಿಂದ ಹತರಾದವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುವುದು. ಸೆಪ್ಟೆಂಬರ 17ರ ಧ್ವಜದ ಕೆಳಗೆ ಆ ಪಟ್ಟಿಯನ್ನು ಗಟ್ಟಿಯಾಗಿ ಓದುವ ಎದೆಗಾರಿಕೆ ಬಂದ ದಿನವೇ ವಿಮೋಚನೆಯು ಪೂರ್ಣವಾದೀತು.